ಸಂಪಿನಲ್ಲಿ ಸಕುಟುಂಬ ಸಪರಿವಾರ

ಚಕ್ರಪಾಣಿಯವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಗೆಂದು ಅವರು ಸುಳ್ಳು ಹೇಳುವುದೇ ಇಲ್ಲ ಎಂದು ಯಾರೂ ತಿಳಿಯಬಾರದು. ನನಗೆ ಹಾಡಲು ಬರುವುದಿಲ್ಲ, ಆದರೂ ದಿನಾ ಬಚ್ಚಲುಮನೆಯಲ್ಲಿ ಹಾಡುತ್ತೇನಲ್ಲ, ಇದೂ ಹಾಗೆಯೇ. ವ್ಯತ್ಯಾಸ ಇಷ್ಟೇ: ನನ್ನ ಹಾಡಿನಿಂದ ಇದುವರೆಗೆ ಬೀದಿಯ ನೀರು ನಿಂತಿಲ್ಲ.

ತ್ಯಾಗರಾಜನಗರದಲ್ಲಿ ಅವರ ಮನೆ ನಮ್ಮ ಮನೆಗೆ ಎದುರು. ಅವರ ಅಂಗಳದಲ್ಲಿ ನಡೆಯುವುದೆಲ್ಲ ನನ್ನ ಕುರ್ಚಿಗೆ ಕಾಣುತ್ತದೆ. ಕಾಣದ್ದು ಕೇಳಿಸುತ್ತದೆ. ಕೇಳಿಸದ್ದನ್ನು ನಾನೇ ಹೋಗಿ ವಿಚಾರಿಸಿಕೊಂಡು ಬರುತ್ತೇನೆ. ಆದ್ದರಿಂದ ಇಲ್ಲಿ ಬರೆದದ್ದರಲ್ಲಿ ಸಂಶಯಪಡುವಂಥದ್ದು ಏನೂ ಇಲ್ಲ.

ಚಕ್ರಪಾಣಿಯವರದು ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕೆಲಸ. ಹುಡುಗನ ಕಡೆಯವರು, ಹುಡುಗಿಯ ಕಡೆಯವರು ಬಂದು ಹೆಸರು, ಛತ್ರ, ಮುಹೂರ್ತ ಹೇಳಿದರೆ ಅದಕ್ಕೆ ತಕ್ಕ ಒಕ್ಕಣೆ ಬರೆದು, ಅಚ್ಚಿಗೆ ಹೋಗುವ ಮುನ್ನ ತಪ್ಪು ತಿದ್ದಿಕೊಡುವುದು. ಕೂದಲು ಕಪ್ಪಗಿದ್ದಾಗ ಶುರು ಮಾಡಿದ ಕೆಲಸ, ಈಗ ಕೂದಲೇ ಇಲ್ಲ. ಅಷ್ಟು ವರ್ಷ ಅದನ್ನೇ ಬರೆದು ಬರೆದು ಅವರ ನಾಲಿಗೆ ಗಾಬರಿಯಾದಾಗಲೆಲ್ಲ ತಾನಾಗಿಯೇ ಲಗ್ನಪತ್ರಿಕೆ ಓದತೊಡಗುತ್ತದೆ. ಒಮ್ಮೆ ಟ್ರಾಫಿಕ್ ಪೊಲೀಸಿನವರು ಸ್ಕೂಟರ್ ಹಿಡಿದಾಗ "ತಮ್ಮ ಆಗಮನಾಭಿಲಾಷಿ" ಎಂದುಬಿಟ್ಟಿದ್ದಕ್ಕೆ, ಕುಡಿದಿದ್ದಾರೋ ಎಂದು ಪೊಲೀಸರು ಊದಿಸಿ ನೋಡಿ ಬಿಟ್ಟಿದ್ದರು.

ಅವರಿಗೂ ಹೆಂಡತಿ ಚೂಡಾಮಣಿಯವರಿಗೂ ಮಕ್ಕಳಿಲ್ಲ. ತಂಗಿ ಪ್ರತಿಭಾಳ ಇಬ್ಬರು ಹೆಣ್ಣುಮಕ್ಕಳ ಮೇಲೆ ಇಬ್ಬರಿಗೂ ಪ್ರಾಣ. ಪ್ರತಿಭಾ ಊರಾಚೆ ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಇರುತ್ತಾಳೆ. ಅಣ್ಣನ ಕೈಲಿ ಏನೂ ಆಗುವುದಿಲ್ಲವೆಂದು ಅವಳಿಗೆ ಹುಟ್ಟಿದಾಗಿನಿಂದ ನಂಬಿಕೆ. ಬೇಸಿಗೆ ರಜೆ ಬಂದರೆ ಮಕ್ಕಳನ್ನು ಈಜಿನ ಕ್ಯಾಂಪಿಗೆ ಸೇರಿಸುತ್ತಿದ್ದಳೇ ಹೊರತು ಇಲ್ಲಿಗೆ ಕಳಿಸುತ್ತಿರಲಿಲ್ಲ. ಈ ವರ್ಷ ಚಕ್ರಪಾಣಿ ಫೋನಿನಲ್ಲಿ ಗೋಗರೆದ ಮೇಲೆ ಒಪ್ಪಿದಳು, ಅದೂ ಒಂದು ಷರತ್ತಿನ ಮೇಲೆ.

"ನೋಡಣ್ಣ, ಮಕ್ಕಳು ಒಂದೇ ಒಂದು ಸಲ ಫೋನ್ ಮಾಡಿ ಕರ್ಕೊಂಡು ಹೋಗು ಅಂದ್ರೂ ಸಾಕು, ಕಾರು ತಗೊಂಡು ಬಂದ್ಬಿಡ್ತೀನಿ. ಆಮೇಲೆ ಮುಂದಿನ ವರ್ಷ ಕಳ್ಸು ಅಂತ ಕೇಳೋ ಹಾಗಿಲ್ಲ."

"ಛೆ ಛೆ, ಯಾಕೆ ಫೋನ್ ಮಾಡ್ತಾರೆ?" ಎಂದರು ಚಕ್ರಪಾಣಿ. ಅದಕ್ಕೆ ಉತ್ತರ ಮಕ್ಕಳು ಬಂದ ಮಾರನೆಯ ದಿನ ಬೆಳಿಗ್ಗೆ ಕಾಫಿ ಹೊತ್ತಿಗೇ ಸಿಕ್ಕಿತು.

ಮಕ್ಕಳಲ್ಲಿ ದೊಡ್ಡವಳು ತನ್ಮಯಿ, ಒಂಬತ್ತು ವರ್ಷ. ಚಿಕ್ಕವಳು ಆರಾಧನಾ, ಆರು. ಇಬ್ಬರೂ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಅಂಗಳಕ್ಕೆ ಬಂದು, ನೆಲದಲ್ಲಿದ್ದ ಕಬ್ಬಿಣದ ಮುಚ್ಚಳದ ಮೇಲೆ ಕುಣಿಯಲು ಶುರು ಮಾಡಿದರು. ಮಹಡಿಯ ಮಕ್ಕಳಿಗೆ ನೀರು ನಲ್ಲಿಯಲ್ಲಿ ಹುಟ್ಟುತ್ತದೆ ಎಂದೇ ಲೆಕ್ಕ. ನೆಲದಡಿಯ ತೊಟ್ಟಿಯನ್ನು, ನಾವು ಸಂಪು ಎನ್ನುವುದನ್ನು, ಅವರು ಕಂಡೇ ಇರಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಬೀದಿಯ ಮೂಲೆಯಲ್ಲಿ ಜಲಮಂಡಳಿಯ ಕಾಳಪ್ಪ ವಾಲ್ವಿನ ಕೀಲಿ ತಿರುಗಿಸಿ ನೀರು ಬಿಟ್ಟ. ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು ಬರುತ್ತದೆ. ನೀರಿಗಿಂತ ಮೊದಲು ಪೈಪಿನಲ್ಲಿರುವ ಗಾಳಿ ಬರುತ್ತದೆ. ಮುಚ್ಚಳದಡಿಯಿಂದ ಗ್ಳೊಳಗ್ಳೊಳ ಎಂದು ಸದ್ದು ಎದ್ದು, ಭುಸ್ ಎಂದು ಒಂದು ನಿಟ್ಟುಸಿರು ಬಂತು.

"ಮಾಮ, ಒಳಗೆ ಯಾರಿದಾರೆ?" ಎಂದಳು ಆರಾಧನಾ.

ನೀರು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮುಚ್ಚಳ ಹಳೆಯದು, ಮಕ್ಕಳು ತೆಗೆದು ಬಗ್ಗಿದರೆ ಗತಿಯೇನು ಎಂದು ಚಕ್ರಪಾಣಿಯವರಿಗೆ ದಿಗಿಲಾಯಿತು. ಹೆದರಿಸಿಬಿಟ್ಟರೆ ಹತ್ತಿರ ಬರುವುದಿಲ್ಲ ಎಂದುಕೊಂಡರು.

"ರಾಕ್ಷಸ," ಎಂದರು.

"ಹೆಸರೇನು?" ಎಂದಳು ತನ್ಮಯಿ. ಹೆದರಿದ ಲಕ್ಷಣವೇ ಇರಲಿಲ್ಲ.

"ಗುಡುಗುಡಾಸುರ."

"ಏನ್ ತಿಂತಾನೆ?"

"ಮುಚ್ಚಳ ತೆಗೆಯೋ ಮಕ್ಕಳನ್ನ."

"ಇಲ್ಲಿವರೆಗೂ ಯಾರಾದ್ರೂ ತೆಗ್ದಿದಾರಾ?"

"ಇಲ್ಲ."

"ಹಾಗಾದ್ರೆ ಉಪವಾಸ ಇದಾನಾ? ಪಾಪ," ಎಂದಳು ಆರಾಧನಾ. ಆಮೇಲೆ ಸ್ವಲ್ಪ ಯೋಚಿಸಿ, "ಸ್ನಾನ?" ಎಂದಳು.

"ನೀರಲ್ಲೇ ಇದಾನಲ್ಲಮ್ಮ, ಅಲ್ಲೇ."

"ಸೂಸು?"

ಚಕ್ರಪಾಣಿ ಕಾಫಿ ಗುಟುಕರಿಸುತ್ತಿದ್ದರು, ಗಮನ ಲೋಟದ ಮೇಲಿತ್ತು. "ಎಲ್ಲಾ ಅಲ್ಲೇ," ಎಂದರು.

ತನ್ಮಯಿ ಗೋಡೆಗೆ ಹತ್ತಿದ ಪೈಪನ್ನು ಬೆರಳಿನಲ್ಲಿ ತೋರಿಸಿದಳು. "ಈ ಪೈಪು ಎಲ್ಲಿಗೆ ಹೋಗುತ್ತೆ ಮಾಮ?"

"ಮೋಟಾರ್ ಹಾಕಿದ್ರೆ ಮೇಲಿನ ಟ್ಯಾಂಕಿಗೆ."

"ಅಲ್ಲಿಂದ?"

"ನಲ್ಲಿಗೆ."

ಮಕ್ಕಳಿಬ್ಬರೂ ಬಾಯಲ್ಲಿದ್ದ ನೊರೆಯನ್ನು ಒಟ್ಟಿಗೆ ಉಗಿದರು.

ಆ ಗಳಿಗೆಯಿಂದ ನೀರಿನ ಮುಷ್ಕರ ಆರಂಭವಾಯಿತು. ಸ್ನಾನ ಇಲ್ಲ. ಕೈ ತೊಳೆಯುವುದಿಲ್ಲ. ಕುಡಿಯಲು ಎಳನೀರು ಮತ್ತು ಹಾಲು ಮಾತ್ರ. ಚೂಡಾಮಣಿಯವರು ಮಾಡಿದ ತಿಳಿಸಾರನ್ನು ತನ್ಮಯಿ ಮೂಸಿ ನೋಡಿ, "ಇದಕ್ಕೆ ಯಾವ ನೀರು ಹಾಕಿದೀರ ಅತ್ತೆ?" ಎಂದಳು. ಚೂಡಾಮಣಿ ಸಾರಿನ ಪಾತ್ರೆ ಒಳಗಿಟ್ಟರು. ಕೊನೆಗೆ ತಾವೂ ಮಕ್ಕಳ ಜೊತೆ ಮೊಸರವಲಕ್ಕಿಯನ್ನೇ ತಿಂದೆದ್ದರು. ಗಂಡ ಕಟ್ಟಿದ ಕಥೆ ಎಂದು ಗೊತ್ತಿದ್ದರೂ, ಒಮ್ಮೆ ಕಿವಿಗೆ ಬಿದ್ದ ಮೇಲೆ ಸಾರು ಗಂಟಲಲ್ಲಿ ಇಳಿಯಲಿಲ್ಲವಂತೆ.

"ಏನ್ರೀ, ಬೇರೆ ಜಾಗ ಸಿಗ್ಲಿಲ್ವಾ ನಿಮ್ಮ ರಾಕ್ಷಸನ್ನ ಇಡೋಕೆ? ಅಟ್ಟದ ಮೇಲೆ ಇಡ್ಬಾರ್ದಿತ್ತಾ? ಕುಡಿಯೋ ನೀರಲ್ಲಿ ಇಟ್ಟಿದೀರಲ್ಲ!"

ಚಕ್ರಪಾಣಿ ಸತ್ಯವನ್ನೂ ಪ್ರಯತ್ನಿಸಿದರು. ಮಕ್ಕಳನ್ನು ಕೂರಿಸಿಕೊಂಡು, "ನಾನು ಸುಮ್ನೆ ಹೇಳ್ದೆ ಕಣ್ರಮ್ಮ, ರಾಕ್ಷಸ ಗೀಕ್ಷಸ ಯಾರೂ ಇಲ್ಲ," ಎಂದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅವನಿಗೆ ಕೇಳ್ಸುತ್ತೆ ಅಂತ ಹೆದರ್ಕೊಂಡು ಹೀಗೆ ಹೇಳ್ತಿದೀರ ಅಲ್ವಾ ಮಾಮ?" ಎಂದು ತನ್ಮಯಿ ಅವರ ಬೆನ್ನು ಸವರಿದಳು.

ಕೊನೆಗೆ ಅವರೇ ಮುಚ್ಚಳ ತೆಗೆದು, ಮಕ್ಕಳ ರಟ್ಟೆ ಗಟ್ಟಿಯಾಗಿ ಹಿಡಿದು, "ನೋಡಿ, ಯಾರಿದಾರೆ?" ಎಂದು ತಾವೂ ಬಗ್ಗಿದರು. ಒಳಗಿನ ಕತ್ತಲ ನೀರಿನಲ್ಲಿ ಒಂದು ಬೋಳುತಲೆ, ದಪ್ಪ ಮೀಸೆ, ಕನ್ನಡಕ ಅಲುಗಾಡುತ್ತ ಮೇಲೆ ನೋಡುತ್ತಿದ್ದವು.

"ಇದಾನೆ!" ಎಂದು ಆರಾಧನಾ ಚಪ್ಪಾಳೆ ತಟ್ಟಿದಳು. "ಮಾಮನ ಥರಾನೇ ಇದಾನೆ, ಆದ್ರೆ ಇನ್ನೂ ಸ್ವಲ್ಪ ಚೆನ್ನಾಗಿದಾನೆ."

ಮಾರನೆಯ ಸಂಜೆ ತನ್ಮಯಿ ಅಂತಿಮ ಎಚ್ಚರಿಕೆ ಕೊಟ್ಟಳು. "ನಮಗೆ ಭಯ ಏನಿಲ್ಲ ಮಾಮ. ಆದ್ರೆ ಗಲೀಜು. ನಾಳೆ ಅವನನ್ನ ಕಳಿಸ್ದೆ ಇದ್ರೆ ಅಮ್ಮಂಗೆ ಫೋನ್ ಮಾಡ್ತೀವಿ."

ಹೀಗೆ ಮೂರನೆಯ ದಿನ ಬೆಳಿಗ್ಗೆ ಚಕ್ರಪಾಣಿ ಮಡಿಪಂಚೆ ಉಟ್ಟು, ಒಂದು ಕೈಯಲ್ಲಿ ಗಂಟೆ, ಇನ್ನೊಂದು ಕೈಯಲ್ಲಿ ಊದುಬತ್ತಿ ಹಿಡಿದು ಸಂಪಿನ ಮುಂದೆ ನಿಂತರು. ರಾಕ್ಷಸನನ್ನು ಓಡಿಸುವ ಮಂತ್ರ ಅವರಿಗೆ ಗೊತ್ತಿರಲಿಲ್ಲ. ಮಕ್ಕಳಿಗೂ ಗೊತ್ತಿಲ್ಲವಲ್ಲ, ಏನಾದರೂ ನಾಲ್ಕು ಸಂಸ್ಕೃತದ ಮಾತು ಹೇಳಿದರಾಯಿತು ಎಂದುಕೊಂಡಿದ್ದರು. ಆದರೆ ನೋಡಲು ನಾನು ಬಂದಿದ್ದೆ, ಪಕ್ಕದ ಮನೆಯ ವೀರಭದ್ರಯ್ಯ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದ್ದರು, ಬೀದಿಯಲ್ಲಿ ಹೂವಿನವಳು ಬುಟ್ಟಿ ಇಳಿಸಿ ನಿಂತಿದ್ದಳು. ಇಷ್ಟು ಜನರನ್ನು ಕಂಡು ಚಕ್ರಪಾಣಿಯವರಿಗೆ ಗಾಬರಿಯಾಯಿತು. ಗಾಬರಿಯಾದರೆ ಅವರ ನಾಲಿಗೆ ಏನು ಮಾಡುತ್ತದೆಂದು ಹೇಳಿದ್ದೇನೆ.

"ಸ್ವಸ್ತಿಶ್ರೀ ವಿಜಯಾಭ್ಯುದಯ ನೃಪಶಾಲಿವಾಹನ ಶಕ ವರ್ಷ..." ಎಂದು ಗಂಟೆ ಬಾರಿಸಿದರು. ಶುರು ಗಂಭೀರವಾಗಿಯೇ ಇತ್ತು. ಮಕ್ಕಳು ಕೈಮುಗಿದರು. ನಾಲಿಗೆ ಸಂವತ್ಸರ, ಮಾಸ, ತಿಥಿ ದಾಟಿ, ಗುರುಹಿರಿಯರು ನಿಶ್ಚಯಿಸಿದ್ದನ್ನೂ ದಾಟಿ, ಇಳಿಜಾರಿನಲ್ಲಿ ಬ್ರೇಕ್ ತಪ್ಪಿದ ಸೈಕಲ್ಲಿನ ಹಾಗೆ ಓಡಿತು. "...ಈ ಶುಭಮುಹೂರ್ತಕ್ಕೆ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ನಮ್ಮ ಆತಿಥ್ಯ ಸ್ವೀಕರಿಸಬೇಕಾಗಿ ಕೋರುವ, ತಮ್ಮ ಆಗಮನಾಭಿಲಾಷಿ, ಚಕ್ರಪಾಣಿ ಮತ್ತು ಬಂಧುವರ್ಗ!"

ಅಂದು ನೀರು ಬರುವ ದಿನ. ಮೂಲೆಯಲ್ಲಿ ಕಾಳಪ್ಪ ಕೀಲಿ ತಿರುಗಿಸಿದ. ಸಂಪಿನೊಳಗೆ ಮೊದಲು ಗ್ಳೊಳ ಎಂದಿತು, ಆಮೇಲೆ ಗ್ಳೊಳಗ್ಳೊಳ ಎಂದಿತು, ಆಮೇಲೆ ಒಂದು ದೊಡ್ಡ ಗುಂಪೇ ಮೆಟ್ಟಿಲಿಳಿದು ಬಂದಂತೆ ದಡಬಡ ಸದ್ದಾಯಿತು.

"ಮಾಮ," ಎಂದಳು ತನ್ಮಯಿ ನಿಧಾನವಾಗಿ, "ಸಕುಟುಂಬ ಸಪರಿವಾರ ಅಂದ್ರೆ ಮನೆಯವರೆಲ್ಲ ಬನ್ನಿ ಅಂತ ಅಲ್ವಾ? ನೀವು ಅವನನ್ನ ಕಳಿಸ್ಲಿಲ್ಲ. ಅವನ ಮನೆಯವರನ್ನೂ ಕರೆದ್ರಿ."

ಚಕ್ರಪಾಣಿ ಊದುಬತ್ತಿಯನ್ನು ಗಂಟೆಯೊಳಗೆ ಸಿಕ್ಕಿಸಿ ಒಳಗೆ ಹೋದರು.

ಸಂಗತಿ ಇಲ್ಲಿಗೆ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ಆರಾಧನಾ ಹೋಗಿ ಕಾಂಪೌಂಡಿನ ಬಳಿ ನಿಂತು, "ಅಂಕಲ್, ನಮ್ಮ ಸಂಪು ಚಿಕ್ಕದು. ಅಷ್ಟು ಜನ ಹಿಡಿಯಲ್ಲ. ಅರ್ಧ ಜನ ನಿಮ್ಮನೆಗೆ ಬಂದಿರ್ತಾರೆ," ಎಂದು ವೀರಭದ್ರಯ್ಯನವರಿಗೆ ತಿಳಿಸಿದಳು.

ವೀರಭದ್ರಯ್ಯ ನಿವೃತ್ತ ವಿಜ್ಞಾನದ ಮೇಷ್ಟ್ರು. ಗ್ರಹಣದ ದಿನ ಬೇಕೆಂದೇ ಬೀದಿಯಲ್ಲಿ ನಿಂತು ಅವಲಕ್ಕಿ ತಿನ್ನುವವರು. ಮಧ್ಯಾಹ್ನದ ಹೊತ್ತಿಗೆ ಅವರು ಚಕ್ರಪಾಣಿಯವರ ಬಾಗಿಲು ಬಡಿದರು. ನಾನೂ ಹಿಂದೆಯೇ ಹೋದೆ.

"ಚಕ್ರಪಾಣಿಗಳೇ, ನಾನು ಇದನ್ನೆಲ್ಲ ನಂಬೋನಲ್ಲ. ನಿಮಗೂ ಗೊತ್ತು."

"ಗೊತ್ತು ಸಾರ್."

"ರಾಕ್ಷಸ ಅನ್ನೋದು ಮೂಢನಂಬಿಕೆ."

"ಹೌದು ಸಾರ್."

"ಆದ್ರೆ ನಮ್ಮ ಸಂಪಿಗೆ ಬಂದಿರೋರನ್ನ ನೀವು ವಾಪಸ್ ಕರೆಸ್ಕೋಬೇಕು."

"ಇಲ್ಲದೆ ಇರೋರನ್ನ ಹೇಗೆ ಸಾರ್ ಕರೆಸ್ಕೊಳ್ಳೋದು?"

"ಇಲ್ಲದೆ ಇರೋರನ್ನ ನೀವು ಕರೆದ್ರಲ್ಲ, ಹಾಗೇ! ನಮ್ಮ ಮನೆಯವಳು ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲ. ನನಗೆ ಹೊಟ್ಟೆ ಹಸೀತಿದೆ. ಹಸಿವು ಮೂಢನಂಬಿಕೆ ಅಲ್ಲ ಕಣ್ರೀ."

ಅವರ ಹೆಂಡತಿ ಶಿವಕುಮಾರಮ್ಮ ಅಷ್ಟರಲ್ಲಿ ಆಚೆ ಮನೆಗೆ ಹೇಳಿ, ಆಚೆ ಮನೆಯವರು ಅದರಾಚೆ ಮನೆಗೆ ಹೇಳಿ, ಬೀದಿಯ ಇಡೀ ಸಾಲು ಮೋಟಾರ್ ಹಾಕುವುದನ್ನು ನಿಲ್ಲಿಸಿತ್ತು. ಯಾರೂ ನಂಬಿರಲಿಲ್ಲ. ಎಲ್ಲರೂ ವಿದ್ಯಾವಂತರು. ಆದರೆ ಪಕ್ಕದ ಮನೆಯವರು ಬಳಸದ ನೀರನ್ನು ತಾವು ಮಾತ್ರ ಬಳಸುವುದು ಹೇಗೆ ಎಂದು ಎಲ್ಲರಿಗೂ ಸಂಕೋಚ.

ಕಾಳಪ್ಪನನ್ನು ಹಿಡಿದು ತಂದು ನಿಲ್ಲಿಸಿದರು. ಅವನು ತನ್ನ ಉದ್ದನೆಯ ಕಬ್ಬಿಣದ ಕೀಲಿಯನ್ನು ನೆಲಕ್ಕೂರಿ, ಎಲ್ಲ ಕೇಳಿಸಿಕೊಂಡು, ಗಲ್ಲ ಕೆರೆದುಕೊಂಡ.

"ಸಾರ್, ನಮ್ಮ ಕಡೆಯಿಂದ ನೀರು ಬಿಟ್ಟು ಬೇರೆ ಏನೂ ಬಿಟ್ಟಿಲ್ಲ. ಒಂದು ಕನೆಕ್ಷನ್ನಿಗೆ ಒಂದು ಮನೆ. ಜನ ಜಾಸ್ತಿ ಆದ್ರೆ ಬೇರೆ ಕನೆಕ್ಷನ್ನಿಗೆ ಅರ್ಜಿ ಹಾಕ್ಬೇಕು. ಅದೂ ಓನರ್ರೇ ಬರ್ಬೇಕು, ಟೆನೆಂಟ್ ಹಾಕಿದ್ರೆ ನಡೆಯಲ್ಲ."

"ಲೋ, ಅವರು ರಾಕ್ಷಸರು ಕಣೋ," ಎಂದೆ ನಾನು.

"ಯಾರಾದ್ರೂ ಅಷ್ಟೇ ಸಾರ್. ರೂಲ್ಸು," ಎಂದು ಕಾಳಪ್ಪ ಹೊರಟುಹೋದ.

ಚಕ್ರಪಾಣಿ ಜಗಲಿಯ ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕುಳಿತರು. ಅವರಿಗೆ ಬೀದಿಯ ಚಿಂತೆ ಇರಲಿಲ್ಲ. ತನ್ಮಯಿ ಒಳಗಿನಿಂದ ಅತ್ತೆಯ ಫೋನು ತಂದು ಕೈಯಲ್ಲಿ ಹಿಡಿದುಕೊಂಡಿದ್ದಳು, ಅದರ ಮೇಲೆಯೇ ಅವರ ಕಣ್ಣು. ಮಕ್ಕಳು ಬಂದ ದಿನದಿಂದ ಅವರು ಅಂಗಡಿಯಿಂದ ಓಡಿ ಓಡಿ ಮನೆಗೆ ಬರುತ್ತಿದ್ದುದನ್ನು ನಾನು ನೋಡಿದ್ದೆ. ಅಷ್ಟು ವರ್ಷದಲ್ಲಿ ಆ ಮನುಷ್ಯ ಓಡಿದ್ದನ್ನು ನಾನು ಕಂಡಿರಲಿಲ್ಲ. ನಿಜವಾಗಿ ಹೇಳುತ್ತೇನೆ, ನನಗೆ ಅಯ್ಯೋ ಎನಿಸಿತು.

ತನ್ಮಯಿ ಫೋನು ಒತ್ತಲಿಲ್ಲ. ಮಾಮನ ಮುಖವನ್ನೇ ನೋಡುತ್ತಿದ್ದವಳು, ಫೋನನ್ನು ಕಿಟಕಿಯ ಮೇಲಿಟ್ಟು ಚೂಡಾಮಣಿಯವರತ್ತ ತಿರುಗಿದಳು.

"ಅತ್ತೆ, ಮದುವೆಗೆ ಕರೆದವರು ಯಾವಾಗ ವಾಪಸ್ ಹೋಗ್ತಾರೆ?"

"ಊಟ ಮಾಡಿ, ತಾಂಬೂಲ ತಗೊಂಡು ಹೋಗ್ತಾರೆ."

"ತಾಂಬೂಲ ಕೊಟ್ಮೇಲೂ ಹೋಗ್ಲಿಲ್ಲ ಅಂದ್ರೆ?"

"ಹೇಗೆ ಹೋಗಲ್ಲ? ತೆಂಗಿನಕಾಯಿ ಚೀಲ ಕೈಗೆ ಬಂದ್ಮೇಲೆ ಕೂತಿರೋದು ಮರ್ಯಾದಸ್ಥರ ಲಕ್ಷಣ ಅಲ್ಲ."

"ಹಾಗಾದ್ರೆ ಊಟ ಹಾಕೋಣ," ಎಂದಳು ತನ್ಮಯಿ. "ಮಾಮ ಅಷ್ಟು ಚೆನ್ನಾಗಿ ಕರೆದಿದಾರೆ. ಊಟ ಹಾಕ್ದೆ ಹೋಗಿ ಅಂದ್ರೆ ಯಾರು ಹೋಗ್ತಾರೆ?"

ಇದರಲ್ಲಿ ತಪ್ಪು ಹುಡುಕಲು ಬೀದಿಯ ವಿದ್ಯಾವಂತರಲ್ಲಿ ಯಾರಿಗೂ ಆಗಲಿಲ್ಲ. ವೀರಭದ್ರಯ್ಯನವರು ಮಾತ್ರ, "ಊಟಕ್ಕೆ ಏನು ಮಾಡ್ಸ್ತೀರ?" ಎಂದು ಕೇಳಿದರು.

ಭಾನುವಾರ ಮಧ್ಯಾಹ್ನ ಎಂದು ತೀರ್ಮಾನವಾಯಿತು. ಅಡುಗೆಗೆ ಕ್ಯಾನ್ ನೀರು ಬಂತು. ಚೂಡಾಮಣಿ ಬೇಳೆ ಬೇಯಿಸಿ ಒಬ್ಬಟ್ಟು ತಟ್ಟಿದರು. ಶಿವಕುಮಾರಮ್ಮ ಕೋಸಂಬರಿ ತಂದರು. ರಾಕ್ಷಸರಿಗೆ ಈರುಳ್ಳಿ ಬೆಳ್ಳುಳ್ಳಿ ಹಾಕದಿದ್ದರೆ ರುಚಿಸುತ್ತದೆಯೇ ಎಂದು ಯಾರೋ ಅನುಮಾನ ತೆಗೆದರು.

"ನಮ್ಮನೆಗೆ ಬಂದ್ಮೇಲೆ ನಮ್ಮನೆ ಊಟ," ಎಂದರು ಚೂಡಾಮಣಿ. "ಬೇಡ ಅಂದ್ರೆ ಎದ್ದು ಹೋಗ್ಲಿ. ನಮಗೂ ಅದೇ ಬೇಕಾಗಿರೋದು."

ಸಂಪಿನ ಸುತ್ತ ರಂಗೋಲಿ ಬಿದ್ದಿತು. ಬಾಳೆಲೆ ಹಾಕಿದರು. ಆರಾಧನಾ ಮುಚ್ಚಳದ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಮುಚ್ಚಳ ಎತ್ತಲು ಬಿಟ್ಟಿದ್ದ ತೂತಿಗೆ ಬಾಯಿಟ್ಟು ಕರೆದಳು. "ಗುಡುಗುಡಾಸುರ ಅಂಕಲ್, ಎಲ್ರೂ ಊಟಕ್ಕೆ ಬನ್ನಿ. ಕೈಕಾಲು ತೊಳ್ಕೊಂಡೇ ಇರ್ತೀರ, ಸೀದಾ ಕೂತ್ಕೊಳಿ. ಸೂಸು ಮಾತ್ರ ಮನೆಗೆ ಹೋಗಿ ಮಾಡ್ಕೊಳಿ."

ಕಾಳಪ್ಪ ನೀರು ಬಿಟ್ಟಿದ್ದ. ಒಳಗಿನಿಂದ ಗ್ಳೊಳ್ ಎಂದು ಒಪ್ಪಿಗೆ ಬಂತು.

ರಾಕ್ಷಸರು ಮೇಲೆ ಬಂದು ಉಣ್ಣುವವರಲ್ಲವಲ್ಲ. ಎಲೆಯಲ್ಲಿ ಬಡಿಸಿದ್ದು ಆರುತ್ತಿತ್ತು. ಅನ್ನ ಹಾಳು ಮಾಡಬಾರದೆಂದು ವೀರಭದ್ರಯ್ಯ ರಾಕ್ಷಸರ ಪರವಾಗಿ ಒಂದು ಎಲೆಗೆ ಕೂತರು. ಇನ್ನೊಂದಕ್ಕೆ ನಾನು ಕೂತೆ. ಬೀದಿಯವರೆಲ್ಲ ಒಬ್ಬೊಬ್ಬರಾಗಿ, ತಮಗೆ ನಂಬಿಕೆ ಇಲ್ಲವೆಂದು ಹೇಳಿಯೇ, ಒಂದೊಂದು ರಾಕ್ಷಸನ ಎಲೆ ಹಿಡಿದರು. ವಿಜ್ಞಾನದ ಮೇಷ್ಟ್ರು ಐದನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ, "ಇವನ ಚಿಕ್ಕಪ್ಪನ ಪಾಲಿಂದೂ ಇರ್ಲಿ," ಎಂದರು.

ಆಗಲೇ ಗೇಟಿನ ಮುಂದೆ ಕಾರು ನಿಂತದ್ದು. ಮಕ್ಕಳು ಫೋನ್ ಮಾಡಿರಲಿಲ್ಲ. ಮಾಡಿದವರು ಶಿವಕುಮಾರಮ್ಮ. ಈ ಬೀದಿಯಲ್ಲೇ ಬೆಳೆದ ಹುಡುಗಿಗೆ ವಿಷಯ ತಿಳಿಸುವುದು ಧರ್ಮವೆಂದು, "ಏನೂ ಗಾಬರಿ ಆಗ್ಬೇಡ ಪ್ರತಿಭಾ" ಎಂದು ಆರಂಭಿಸಿ, ಎಲ್ಲವನ್ನೂ ಹೇಳಿದ್ದರಂತೆ.

ಪ್ರತಿಭಾ ಗೇಟು ತೆಗೆದಾಗ ಅವಳ ಅಣ್ಣ ಪಂಚೆ ಮೇಲೆತ್ತಿ ಕಟ್ಟಿ, ಒಂದು ಕಬ್ಬಿಣದ ಮುಚ್ಚಳಕ್ಕೆ ಬಗ್ಗಿ, "ಸಂಕೋಚ ಮಾಡ್ಕೋಬೇಡಿ, ಇನ್ನೊಂದು ಹಾಕಿಸ್ಕೊಳಿ," ಎನ್ನುತ್ತಿದ್ದರು. ಅವಳ ಮಕ್ಕಳು ಮುಖಕ್ಕೆಲ್ಲ ಹೂರಣ ಮೆತ್ತಿಕೊಂಡು, ತೆಂಗಿನಕಾಯಿ ವೀಳ್ಯದೆಲೆ ತುಂಬಿದ ಚೀಲಗಳನ್ನು ಮುಚ್ಚಳದ ಮೇಲೆ ಸಾಲಾಗಿ ಇಡುತ್ತಿದ್ದರು. ಕೊನೆಯ ಚೀಲ ಇಟ್ಟ ಹೊತ್ತಿಗೆ ಮೂಲೆಯಲ್ಲಿ ಕಾಳಪ್ಪ ಊಟಕ್ಕೆಂದು ನೀರು ನಿಲ್ಲಿಸಿ ಹೊರಟ. ಸಂಪು ಒಮ್ಮೆ ಭುಸ್ ಎಂದು ಮೌನವಾಯಿತು.

"ಹೊರಟ್ರು!" ಎಂದು ಮಕ್ಕಳು ಕುಣಿದರು. ಬೀದಿಯವರೂ ಎಂಜಲ ಕೈಯಲ್ಲೇ ಚಪ್ಪಾಳೆ ತಟ್ಟಿದರು.

ಪ್ರತಿಭಾ ತಟ್ಟಲಿಲ್ಲ. "ಸ್ನಾನ ಮಾಡಿ ಎಷ್ಟು ದಿನ ಆಯ್ತು?" ಎಂದಳು. ಮಕ್ಕಳು ಮುಖದ ಹೂರಣ ಒರೆಸಿಕೊಂಡರು. "ಒಳಗೆ ಹೋಗಿ ಬ್ಯಾಗು ತಗೊಂಡು ಬನ್ನಿ, ಇಬ್ಬರೂ."

"ಪ್ರತಿಭಾ, ತಾವು ದಯಮಾಡಿಸಿ..." ಎಂದು ಚಕ್ರಪಾಣಿಯವರ ನಾಲಿಗೆ ಹೊರಟಿತು.

"ಅಣ್ಣ, ನನ್ನ ಮುಂದೆ ಲಗ್ನಪತ್ರಿಕೆ ಓದ್ಬೇಡ."

ಅವರು ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡು ನಿಂತರು. ಗಾಬರಿಯಲ್ಲೂ ಮೊದಲ ಸಲ ಒಂದೂ ದೊಡ್ಡ ಪದವಿಲ್ಲದೆ ಮಾತಾಡಿದರು. "ಇನ್ನೊಂದು ವಾರ ಇರ್ಲಿ ಕಣಮ್ಮ. ನಾನು ತಪ್ಪು ಮಾಡ್ದೆ, ಗೊತ್ತು. ಆದ್ರೆ ಇವರಿದ್ರೆ ಮನೇಗೆ ಬರೋಕೆ ಖುಷಿ ಆಗುತ್ತೆ ನಂಗೆ." ಅಷ್ಟು ಹೇಳಿ ಕಣ್ಣು ಒರೆಸಿಕೊಂಡರು. ಕನ್ನಡಕಕ್ಕೆಲ್ಲ ತುಪ್ಪ ಹತ್ತಿತು. ಪ್ರತಿಭಾ ಮುಖ ತಿರುಗಿಸಿಕೊಂಡಳು, ಆದರೆ ಕಾರಿನ ಕೀಲಿ ಕೈಯಲ್ಲೇ ಇತ್ತು.

ಚೂಡಾಮಣಿಯವರಿಗೆ ದುಃಖ ಒತ್ತಿ ಬರುತ್ತಿತ್ತು. ಆದರೂ ಮನೆಮಗಳನ್ನು ಬರಿಗೈಯಲ್ಲಿ ಕಳಿಸುವುದು ಅವರಿಂದ ಆಗದು. ಒಳಗೆ ಹೋಗಿ ಕುಂಕುಮದ ಬಟ್ಟಲು, ಉಳಿದಿದ್ದ ಮೂರು ತಾಂಬೂಲದ ಚೀಲ ತಂದರು. ಪ್ರತಿಭಾಳಿಗೆ ಕುಂಕುಮ ಇಟ್ಟು, ಮೊದಲು ಮಕ್ಕಳ ಕಡೆ ಚೀಲ ಚಾಚಿದರು.

ತನ್ಮಯಿ ಎರಡೂ ಕೈ ಬೆನ್ನ ಹಿಂದೆ ಅಡಗಿಸಿದಳು. ಅಕ್ಕನನ್ನು ನೋಡಿ ಆರಾಧನಾಳೂ ಅಡಗಿಸಿದಳು.

"ತಗೊಳ್ರೇ, ಅತ್ತೆ ಕೊಡ್ತಿದಾರೆ," ಎಂದಳು ಪ್ರತಿಭಾ.

"ತಗೊಳಲ್ಲ," ಎಂದಳು ತನ್ಮಯಿ. "ತಗೊಂಡ್ರೆ ಹೋಗ್ಬೇಕಾಗುತ್ತೆ."

"ನಾವು ಮರ್ಯಾದಸ್ಥರು," ಎಂದಳು ಆರಾಧನಾ. ಹೇಳಿದವಳೇ ಬಚ್ಚಲುಮನೆ ಕಡೆ ಓಡಿದಳು. "ಅಮ್ಮ, ಈಗ ನೀರು ಕ್ಲೀನು! ನಾನೇ ಫಸ್ಟು ಸ್ನಾನಕ್ಕೆ!" ತನ್ಮಯಿ ಅವಳ ಹಿಂದೆ ಓಡಿದಳು. ಒಳಗೆ ನಲ್ಲಿ ತಿರುಗಿಸಿದ ಸದ್ದು, ಆಮೇಲೆ ಇಬ್ಬರೂ ಕಿರುಚಾಡಿ ನಗುವ ಸದ್ದು ಕೇಳಿಸಿತು.

ಬೀದಿಯೆಲ್ಲ ಪ್ರತಿಭಾಳ ಮುಖ ನೋಡುತ್ತಿತ್ತು. ಅವಳು ಬಚ್ಚಲುಮನೆಯ ಕಡೆ ನೋಡಿದಳು, ಅಣ್ಣನ ಕಡೆ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು.

ಚಕ್ರಪಾಣಿ ಅವಳು ಮಾತಾಡಲು ಕಾಯಲಿಲ್ಲ. ಹೆಂಡತಿಯ ಕೈಯಿಂದ ಒಂದು ತಾಂಬೂಲದ ಚೀಲ ತೆಗೆದುಕೊಂಡು ತಂಗಿಯ ಕೈಗೆ ಹಾಕಿ, ಮುಷ್ಟಿ ಗಟ್ಟಿಯಾಗಿ ಮುಚ್ಚಿಸಿ, "ಹೋಗ್ಬಾಮ್ಮ," ಎಂದರು.